ಯಲ್ದೂರಿನ ಮುಂಗೈಗೆ ಬಂದ ಗ್ರೀಸಿನ ಹಡಗು

ಗ್ರೀಸ್ ದೇಶದ ವೀರರ ವಿಷಯದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಜಾಲಾಡಿದರೂ ನನ್ನನ್ನು ಮೀರಿಸುವವರು ಸಿಕ್ಕುವುದಿಲ್ಲ. ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳಿದವನು ನಾನು. ನಾನು ಗ್ರೀಸ್ ಪಾಠಕ್ಕೆ ನಿಂತೆನೆಂದರೆ ಕಿಟಕಿಯಾಚೆ ಮೇಯುತ್ತಿದ್ದ ಎಮ್ಮೆಗಳು ಮೆಲುಕು ನಿಲ್ಲಿಸಿ ಕಿವಿ ಕೊಡುತ್ತಿದ್ದವು. ಅವುಗಳಲ್ಲಿ ಗೌರಿ ಎಂಬುದೊಂದು ಪಾಠ ಮುಗಿಯುವವರೆಗೆ ಕದಲುತ್ತಲೇ ಇರಲಿಲ್ಲ. ಆ ವಾರವೆಲ್ಲ ಅದರ ಹಾಲಿನಲ್ಲಿ ಕೆನೆ ಹೆಚ್ಚು ಕಟ್ಟುತ್ತಿತ್ತೆಂದು ಅದರ ಯಜಮಾನನೇ ಡೈರಿಯ ಮುಂದೆ ನಿಂತು ಹೇಳಿದ್ದಾನೆ. ಎಮ್ಮೆಯ ಸಾಕ್ಷಿ ಸಿಕ್ಕ ಮೇಲೆ ಮನುಷ್ಯರ ಸರ್ಟಿಫಿಕೇಟು ನನಗೆ ಬೇಕಾಗಿಲ್ಲ.

ಆದರೆ ನಾನು ಬರೆಯಹೊರಟಿರುವುದು ಭಾರತಮ್ಮನ ವಿಷಯ.

ಭಾರತಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಏಳನೇ ತರಗತಿಯವರೆಗೆ ನನ್ನ ಕೈಕೆಳಗೆ ಓದಿ, ಆಮೇಲೆ ತಾಯಿಯ ಹಿಂದೆ ಬುಟ್ಟಿ ಹೊತ್ತು ಹೊರಟವಳು. ಈಗ ಅವಳಿಗೆ ಐವತ್ನಾಲ್ಕು. ಶ್ರೀನಿವಾಸಪುರದಲ್ಲಿ ನಮ್ಮ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಏಳು ವರ್ಷದಿಂದ ಅವಳ ಹಚ್ಚೆ ಅಂಗಡಿ ನಡೆಯುತ್ತಿದೆ. ಬೋರ್ಡಿನಲ್ಲಿ 'ಭಾರತಿ ಟ್ಯಾಟೂ' ಎಂದು ಬರೆಸಿದ್ದಾಳೆ. ಒಳಗೆ ಹೋದರೆ ನೂಲಿನ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಪ್ಪ ಕನ್ನಡಕ ಹಾಕಿಕೊಂಡು ಕೂತಿರುತ್ತಾಳೆ. ಹೊಸದಾಗಿ ಬರುವ ಹುಡುಗರು ಒಳಗೆ ಇಣುಕಿ, "ಆಂಟಿ, ಟ್ಯಾಟೂ ಹಾಕೋರು ಎಲ್ಲಿ?" ಎನ್ನುತ್ತಾರೆ.

"ಊಟಕ್ಕೆ ಹೋಗವ್ರೆ. ಅವ್ರು ಬರೋವಷ್ಟ್ರಲ್ಲಿ ನಾನೇ ಚುಚ್ಚಿ ಮುಗಿಸ್ತೀನಿ, ಕೂತ್ಕೋ," ಎನ್ನುತ್ತಾಳೆ ಭಾರತಮ್ಮ.

ಅವಳ ತಾಯಿ ಮುನಿಶಾಮಮ್ಮ ಹಚ್ಚೆ ಹಾಕುವವರೇ. ಮೂರು ಸೂಜಿಗಳನ್ನು ದಾರದಲ್ಲಿ ಬಿಗಿದು, ದೀಪದ ಕಪ್ಪಿಗೆ ಸೊಪ್ಪಿನ ರಸ ಕಲಸಿಕೊಂಡು ಯಲ್ದೂರು, ಹೋಳೂರು, ಕ್ಯಾಲನೂರು ಎಂದು ಊರೂರು ನಡೆಯುತ್ತಿದ್ದರು. ಆಕೆ ನಡೆದ ದಾರಿಯನ್ನೆಲ್ಲ ನೆಟ್ಟಗೆ ಹಾಸಿದ್ದರೆ ಚಂದ್ರಲೋಕಕ್ಕೆ ಹೋಗಿ, ಅಲ್ಲಿಯವರಿಗೂ ತಲಾ ಒಂದು ಚೇಳಿನ ಹಚ್ಚೆ ಹಾಕಿ, ಸಂಜೆಗೆ ದನ ಕಟ್ಟುವ ಹೊತ್ತಿಗೆ ವಾಪಸ್ಸು ಬರಬಹುದಿತ್ತು. ಆಕೆಯದೊಂದು ಕಟ್ಟುನಿಟ್ಟು ಇತ್ತು. ಕತೆ ಹೇಳದೆ ಸೂಜಿ ಇಡುತ್ತಿರಲಿಲ್ಲ. ತೊಟ್ಟಿಲು ಹಾಕುವುದಾದರೆ ಅದು ಯಾರ ತೊಟ್ಟಿಲು, ಒಳಗೆ ಮಲಗಿದ ಕೂಸು ಯಾವುದು, ಚೇಳು ಹಾಕುವುದಾದರೆ ಅದು ಯಾರನ್ನು ಕುಟುಕಲು ಹೋಗಿ ಯಾರ ಮಾತಿಗೆ ಬಾಲ ಇಳಿಸಿತು, ಎಲ್ಲವನ್ನೂ ಮೊದಲು ಹೇಳಬೇಕು. ಕೇಳಿದವಳು ಹೂಂ ಅನ್ನಬೇಕು. ಆಮೇಲೆ ಚುಚ್ಚುವುದು.

"ಸಾಯೋವರ್ಗೂ ಬಿಟ್ಟು ಹೋಗ್ದೆ ಇರೋ ನೆಂಟ್ರು ಅಂದ್ರೆ ಇವೇ. ಯಾರು, ಎಂಥೋರು ಅಂತ ವಿಚಾರಿಸ್ದೆ ಮೈಮೇಲೆ ಇಳಿಸ್ಕೊಳ್ತಾರಾ?" ಎನ್ನುತ್ತಿದ್ದರಂತೆ ಆಕೆ.

ನಡುವೆ ಇಪ್ಪತ್ತು ವರ್ಷ ಹಚ್ಚೆ ಎಂದರೆ ನಾಚಿಕೆಯ ಸಂಗತಿಯಾಗಿಬಿಟ್ಟಿತು. ಓದಿದ ಮಕ್ಕಳ ಎದುರು ತಾಯಂದಿರು ಕೈ ಮುಚ್ಚಿಕೊಳ್ಳತೊಡಗಿದರು. ಆ ಹೊತ್ತಿಗೆ ಭಾರತಮ್ಮ ಮದುವೆಯಾಗಿ ಮಾಲೂರಿಗೆ ಹೋಗಿದ್ದಳು. ಗಂಡ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಇವಳು ರವಿಕೆ ಹೊಲಿಯುತ್ತಿದ್ದಳು. ಉದ್ದ ತೋಳಿನ ರವಿಕೆಗೇ ಹೆಚ್ಚು ಬೇಡಿಕೆ. ತಾಯಿ ಹಾಕಿದ ಹಚ್ಚೆಗಳನ್ನು ಮಗಳು ಬಟ್ಟೆಯಿಂದ ಮುಚ್ಚುವ ಕೆಲಸ. "ಅಳತೆ ತಗೊಳ್ವಾಗ ಒಬ್ರ ಕೈಯಲ್ಲಿ ಅಮ್ಮನ ತೊಟ್ಟಿಲು ಕಂಡ್ತು ಮೇಷ್ಟ್ರೇ. ಇದನ್ನ ಪೂರಾ ಮುಚ್ಬೇಕು ಅಂದ್ರು. ಹೂಂ ಅಂದು ಒಂದು ಗೇಣು ಜಾಸ್ತಿಯೇ ಬಿಟ್ಟು ಹೊಲಿದೆ," ಎಂದು ಒಮ್ಮೆ ಹೇಳಿದ್ದಳು. ಹೇಳುವಾಗ ನನ್ನ ಮುಖ ನೋಡಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಊರಿಗೆ ಬಂದಳು. ಅಷ್ಟರಲ್ಲಿ ಕಾಲ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ಅದೇ ಹಚ್ಚೆಗೆ ಟ್ಯಾಟೂ ಎಂದು ಹೆಸರಿಟ್ಟುಕೊಂಡು ಹುಡುಗರು ಹುಡುಕಿಕೊಂಡು ಬರತೊಡಗಿದರು. ಭಾರತಮ್ಮ ಒಂದು ಮೆಷಿನ್ ತರಿಸಿದಳು. ಬೆಂಗಳೂರಿಗೆ ಹೋಗಿ ಎರಡು ತಿಂಗಳು ಕಲಿತು ಬಂದಳು. ತಲೆಗೊಂದು ಹೊಸ ಸೂಜಿ, ಕೈಗೆ ಗ್ಲೋವ್ಸ್, ಎಲ್ಲ ಶಿಸ್ತು. ಅವಳ ಕೈ ಎಷ್ಟು ಹಗುರವೆಂದರೆ, ಕ್ಯಾಲನೂರಿನ ಒಬ್ಬ ಪೈಲ್ವಾನ್ ಹಚ್ಚೆ ಹಾಕಿಸಿಕೊಳ್ಳುತ್ತಲೇ ನಿದ್ದೆ ಹೋಗಿ, ಎಬ್ಬಿಸಿದಾಗ "ಶುರು ಮಾಡಿ ಅಕ್ಕ" ಎಂದನಂತೆ.

ಎಲ್ಲ ಹೊಸದಾದರೂ ತಾಯಿಯ ಕಟ್ಟುನಿಟ್ಟು ಮಾತ್ರ ಉಳಿದುಬಿಟ್ಟಿತ್ತು. ಕತೆ ಇಲ್ಲದೆ ಸೂಜಿ ಇಲ್ಲ. ಅಲ್ಲಿಗೆ ತೊಡಕು ಶುರುವಾಯಿತು. ಏಕೆಂದರೆ ಬರುವ ಹುಡುಗರೆಲ್ಲ ಮೊಬೈಲಿನಲ್ಲಿ ಗ್ರೀಸ್ ದೇಶದ ವೀರರನ್ನು ತೋರಿಸುತ್ತಿದ್ದರು. ಹರ್ಕ್ಯುಲಿಸ್, ಅಕಿಲೀಸ್, ಪರ್ಸಿಯಸ್. ಕಬಡ್ಡಿ ತಂಡದಲ್ಲಿ ಒಬ್ಬ ಹರ್ಕ್ಯುಲಿಸ್ ಹಾಕಿಸಿಕೊಂಡರೆ ಉಳಿದ ಆರು ಮಂದಿಗೂ ಒಬ್ಬೊಬ್ಬ ವೀರ ಬೇಕು. ಚಿತ್ರವನ್ನು ನೋಡಿ ಭಾರತಮ್ಮ ಬರೆಯಬಲ್ಲಳು. ಕತೆ ಎಲ್ಲಿಂದ ತರುವುದು?

"ಮೇಷ್ಟ್ರೇ, ಇವ್ರೆಲ್ಲ ಯಾರು?" ಎಂದು ಪಕ್ಕದ ಬಾಗಿಲು ತಟ್ಟಿದಳು.

ನಾನು ಅಂದಿನಿಂದ ಆ ಅಂಗಡಿಯ ಕತೆಗಾರನಾದೆ. ಬೆಳಗ್ಗೆ ಪೇಪರು ಓದಿ ಮುಗಿಸಿ ಅವಳ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು, ಬಂದವರಿಗೆ ವೀರಚರಿತ್ರೆ ಹೇಳುವುದು. ಏಳನೇ ತರಗತಿಯ ಪುಸ್ತಕದಲ್ಲಿ ಗ್ರೀಸಿಗೆ ಇದ್ದದ್ದು ಎರಡು ಪುಟ. ನಾನು ಅದನ್ನು ಹಿಗ್ಗಿಸಿ ಹಿಗ್ಗಿಸಿ ಏಳು ವರ್ಷ ಓಡಿಸಿದೆ. ಹರ್ಕ್ಯುಲಿಸ್ ಹೊತ್ತಿಗೆ ಹದಿನೆಂಟು ಮುದ್ದೆ ಉಣ್ಣುತ್ತಿದ್ದ ಎಂದೆ. ಅವನ ಸಿಂಹದ ಚರ್ಮ ಒಣಹಾಕಲು ಬೆಟ್ಟದಿಂದ ಬೆಟ್ಟಕ್ಕೆ ಹಗ್ಗ ಕಟ್ಟಬೇಕಾಯಿತು ಎಂದೆ. ಭಾರತಮ್ಮ ನನ್ನ ಮಾತು ಕೇಳಿಕೊಂಡು ಹರ್ಕ್ಯುಲಿಸ್‌ಗೆ ಹುರಿಮೀಸೆ ಬರೆದಳು. "ಮೀಸೆ ಇಲ್ದೋನು ಹದಿನೆಂಟು ಮುದ್ದೆ ಹೆಂಗ್ ತಿಂತಾನೆ" ಎಂಬುದು ಅವಳ ವಾದ. ಹುಡುಗರಿಗೂ ಅದೇ ಹಿಡಿಸಿತು. ಅಕಿಲೀಸನ ಜೀವ ಹಿಮ್ಮಡಿಯಲ್ಲಿತ್ತಾದ್ದರಿಂದ ಅವನನ್ನು ಹಿಮ್ಮಡಿಗೇ ಹಾಕೋಣ ಎಂದರೆ ಮಾತ್ರ ಅವಳು ಒಪ್ಪಲಿಲ್ಲ. "ಯಾವೂರ ವೀರನಾದ್ರೂ ಕಾಲಿಗೆ ಹಾಕಲ್ಲ ನಾನು. ತೋಳಿಗೆ ಬರೋದಾದ್ರೆ ಬರ್ಲಿ, ಇಲ್ಲಾಂದ್ರೆ ಗ್ರೀಸಲ್ಲೇ ಇರ್ಲಿ," ಎಂದಳು.

ಹೀಗೆ ನಡೆಯುತ್ತಿರುವಾಗ ಹೋದ ಮಾಘದಲ್ಲಿ ಅಮರನಾಥ್ ಬಂದ.

ಯಲ್ದೂರಿನ ಕದಿರಪ್ಪನ ಮಗ ಅವನು. ಇಪ್ಪತ್ತಾರು ವರ್ಷ. ತಂದೆಯ ಜೊತೆ ಮಾವಿನ ತೋಟ ನೋಡಿಕೊಂಡು, ಬಿಡುವಿನಲ್ಲಿ ಕಬಡ್ಡಿ ಆಡುವವನು. ತಂಡದ ಉಳಿದವರೆಲ್ಲ ಹಾಕಿಸಿಕೊಂಡು ಹೋಗಿದ್ದರು, ಇವನೊಬ್ಬ ಬಾಕಿ. ಬಂದವನು ಮೊಬೈಲ್ ತೋರಿಸಲಿಲ್ಲ. ಸ್ಟೂಲಿನ ಮೇಲೆ ಕೂತು ಅಂಗೈ ನೋಡಿಕೊಂಡ.

"ಸಾರ್, ಅಪ್ಪನ್ನ ಮರೀದೇ ಇರೋ ವೀರ ಯಾರಾದ್ರೂ ಇದ್ದಾರಾ ಅವ್ರಲ್ಲಿ?" ಎಂದ.

"ಯಾಕಪ್ಪ?" ಎಂದಳು ಭಾರತಮ್ಮ.

ಆಗ ಹೇಳಿದ. ಹಿಂದಿನ ಬೇಸಿಗೆಯಲ್ಲಿ, ಕಾಯಿ ಕೀಳುವ ಕಾಲದಲ್ಲಿ, ಕದಿರಪ್ಪ ಒಬ್ಬನೇ ತೋಟದಲ್ಲಿ ಮರ ಹತ್ತಿದ್ದ. ಕೊಂಬೆ ಮುರಿದು ಬಿದ್ದು ಕಾಲು ಮುರಿಯಿತು. ತೋಟ ಊರಿನಿಂದ ದೂರ. ಹೆಂಡತಿಯೂ ಮಗಳೂ ಮುಳಬಾಗಿಲಿನಲ್ಲಿ ಮದುವೆಗೆ ಹೋಗಿದ್ದರು. ಮದುವೆ ಮನೆಯವರನ್ನು ಗಾಬರಿ ಮಾಡುವುದು ಬೇಡವೆಂದು ಕದಿರಪ್ಪ ಮಗನಿಗೊಬ್ಬನಿಗೇ ಫೋನ್ ಮಾಡಿದ. ಮಗ ಮಾಲೂರಿನಲ್ಲಿ ಪಂದ್ಯ ಆಡುತ್ತಿದ್ದ. ಫೋನು ಬ್ಯಾಗಿನಲ್ಲಿ, ಸೈಲೆಂಟಿನಲ್ಲಿ. ಹದಿನೇಳು ಸಲ ಮಾಡಿ ತಂದೆಯ ಫೋನಿನ ಚಾರ್ಜು ಮುಗಿಯಿತು. ಬೆಳಗ್ಗೆ ಹತ್ತಕ್ಕೆ ಬಿದ್ದವನ ಹತ್ತಿರ ಮಗ ಬಂದದ್ದು ಸಂಜೆ ಐದಕ್ಕೆ.

"ಕಾಲು ಕೂಡ್ಕೊಂಡಿದೆ, ಕುಂಟ್ತಾರೆ. ಒಂದು ಮಾತು ಬೈದಿಲ್ಲ ಸಾರ್. ಬೈದಿದ್ರೆ ಆಗಿಹೋಗಿರೋದು," ಎಂದ ಅಮರನಾಥ್. "ನಾನೂ ಬಾಯಿ ಬಿಟ್ಟು ಹೇಳಿಲ್ಲ. ಎದುರಿಗೆ ಕೂತ್ರೆ ತೋಟದ ಮಾತಾಡಿ ಎದ್ದು ಬರ್ತೀನಿ. ಕೈಮೇಲೆ ಹಾಕಿಸ್ಕೊಂಡು ಹೋಗಿ ತೋರಿಸ್ತೀನಿ. ಅಷ್ಟೇ."

ಇಂಥ ಮಾತು ಕೇಳಿದಾಗ ಸಭ್ಯನಾದವನು ಏನು ಮಾಡಬೇಕು? ನನಗೆ ಗೊತ್ತಿಲ್ಲಪ್ಪ, ಹುಡುಕಿ ನಾಳೆ ಹೇಳುತ್ತೇನೆ, ಎನ್ನಬೇಕು. ಆ ಐದು ಪದ ನನ್ನ ಬಾಯಿಂದ ಬರಲಿಲ್ಲ. ಮೂವತ್ತಾರು ವರ್ಷ ಕರಿಹಲಗೆಯ ಮುಂದೆ ನಿಂತ ಬಾಯಿ ಅದು, ಗೊತ್ತಿಲ್ಲ ಎಂಬ ಶಬ್ದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಹಿಂದಿನ ವಾರ ಯಾರೋ ಹುಡುಗನ ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ್ದೆ. ಸಮುದ್ರ, ಒಂದು ಹಡಗು, ಬೆಟ್ಟದ ತುದಿಯಲ್ಲಿ ನಿಂತು ನೋಡುವ ಒಬ್ಬ ಮುದುಕ. ಕೆಳಗೆ ಥೀಸಿಯಸ್ ಎಂದು ಬರೆದಿತ್ತು. ನನಗೆ ಅಷ್ಟು ಸಾಕಾಯಿತು.

"ಥೀಸಿಯಸ್," ಎಂದೆ, ಕಣ್ಣು ಮುಚ್ಚಿಕೊಂಡು. "ಪಿತೃಭಕ್ತಿಯಲ್ಲಿ ಅವನನ್ನು ಬಿಟ್ಟರಿಲ್ಲ. ಗೂಳಿಯ ತಲೆಯ ರಾಕ್ಷಸನನ್ನು ಕೊಲ್ಲೋಕೆ ಕಡಲಾಚೆ ಹೋದ. ಇತ್ತ ತಂದೆ ಬೆಟ್ಟ ಹತ್ತಿ ನಿಂತ. ಹದಿನೆಂಟು ದಿನ ಅನ್ನವಿಲ್ಲ, ನೀರಿಲ್ಲ, ಕಣ್ಣು ಮಿಟುಕಿಸಲಿಲ್ಲ. ಅವನ ಗಡ್ಡದಲ್ಲಿ ಗುಬ್ಬಿಗಳು ಗೂಡು ಕಟ್ಟಿ ಮರಿ ಮಾಡಿ ಹಾರಿಸಿದವು. ಹತ್ತೊಂಬತ್ತನೇ ದಿನ ಮಗನ ಹಡಗಿನ ಹಾಯಿ ಕಂಡಿತು. ತಂದೆ ಒಂದೇ ಉಸಿರಿಗೆ ಬೆಟ್ಟದಿಂದ ಕೆಳಗೆ ಬಂದುಬಿಟ್ಟ."

ತಂದೆ ಬೆಟ್ಟದಿಂದ ಕೆಳಗೆ ಬಂದದ್ದು ನಿಜವೇ ಎಂದು ಆಮೇಲೆ ಗೊತ್ತಾಯಿತು. ಬಂದ ರೀತಿಯನ್ನು ಮಾತ್ರ ನಾನು ಊಹಿಸಿಕೊಂಡಿದ್ದೆ.

ಅಮರನಾಥ್ ಹೂಂ ಎಂದ. ಅವನ ಕಣ್ಣು ತುಂಬಿತ್ತು. ಭಾರತಮ್ಮ ಮುಂಗೈಮೇಲೆ ಗೆರೆ ಎಳೆದಳು. ಮಣಿಕಟ್ಟಿನ ಕಡೆ ಅಲೆ, ಅದರ ಮೇಲೆ ಹಡಗು, ಮೊಣಕೈ ಕಡೆಗೆ ಬೆಟ್ಟ. ಬೆಟ್ಟ ನಮ್ಮ ಕಡೆಯದೇ, ಬಂಡೆ ಮೇಲೆ ಬಂಡೆ ಪೇರಿಸಿದಂಥದ್ದು.

"ಬೆಟ್ಟದ್ ಮೇಲೆ ಅಪ್ಪನ್ನ ನಿಲ್ಲಿಸ್ಲಾ ಮೇಷ್ಟ್ರೇ?" ಎಂದಳು.

"ಬೇಡ. ಅವನು ಆಗಲೇ ಇಳಿದಾಗಿದೆ."

"ಹಾಯಿ ಖಾಲಿ ಬಿಡ್ಲಾ?"

"ಖಾಲಿ ಬಿಟ್ಟರೆ ಒಗೆದು ಹರವಿದ ಪಂಚೆ ಥರ ಕಾಣುತ್ತೆ. ಕಪ್ಪು ತುಂಬು. ಗಂಭೀರವಾಗಿರುತ್ತೆ."

ಅವಳು ಮೂರು ಗಂಟೆ ಕೂತು ಕಪ್ಪು ತುಂಬಿದಳು. ಅವಳು ಹಾಕಿದ ಹಚ್ಚೆಗಳಲ್ಲೆಲ್ಲ ಅದಕ್ಕಿಂತ ಚೆಂದದ್ದು ನಾನು ಕಂಡಿಲ್ಲ. ಹುಡುಗ ಕೈ ಮಡಚಿದರೆ ಹಡಗು ಅಲೆಯ ಮೇಲೆ ಏಳುತ್ತಿತ್ತು.

ಇಪ್ಪತ್ತು ದಿನ ಕಳೆದು, ಒಂದು ಮಧ್ಯಾಹ್ನ, ಅಮರನಾಥನ ಜೊತೆ ಅವನ ತಂದೆ ಕದಿರಪ್ಪನೂ ತಂಗಿ ಚಂದನಳೂ ಬಂದರು. ಕದಿರಪ್ಪ ಕೋಲು ಊರಿಕೊಂಡು, ಒಂದು ಕೈಯಲ್ಲಿ ಅವರೆಕಾಯಿಯ ಚೀಲ ಹಿಡಿದು, ಮೆಟ್ಟಿಲು ಹತ್ತಿದ. ಮಗಳು ಕೋಲಾರದಲ್ಲಿ ಡಿಗ್ರಿ ಓದುವವಳು. ಅವಳು ಬಾಗಿಲ ಹತ್ತಿರವೇ ನಿಂತಳು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಮೇಷ್ಟ್ರಾ, ನಮಸ್ಕಾರ," ಎಂದ ಕದಿರಪ್ಪ. "ಮಗ ಕೈ ತೋರಿಸ್ದ. ಯಾರೋ ಒಬ್ಬ ಅಪ್ಪನ್ನ ಮರೀಲಿಲ್ವಂತೆ, ಕತೆ ಇದೆಯಂತೆ. ಇವನಿಗೆ ಪೂರಾ ಹೇಳೋಕೆ ಬರ್ಲಿಲ್ಲ, ಅರ್ಧಕ್ಕೆ ಎದ್ದೋದ. ನಿಮ್ ಬಾಯಲ್ಲೇ ಕೇಳೋಣಾಂತ ಬಂದೆ."

ಇಂಥ ಶ್ರೋತೃ ಸಿಕ್ಕರೆ ಯಾರು ಬಿಡುತ್ತಾರೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಶುರು ಮಾಡಿದೆ. ಈ ಸಲ ತಂದೆ ನಿಂತದ್ದು ನಲವತ್ತೆರಡು ದಿನವಾಯಿತು. ಗಡ್ಡದಲ್ಲಿ ಗುಬ್ಬಿಯ ಬದಲು ಹದ್ದು ಗೂಡು ಕಟ್ಟಿತು. ಕದಿರಪ್ಪ ಮಗುವಿನ ಹಾಗೆ ಬಾಯಿ ತೆರೆದು ಕೇಳುತ್ತಿದ್ದ. ತಂದೆ ಬೆಟ್ಟ ಇಳಿದು ಬಂದ ಜಾಗಕ್ಕೆ ನಾನು ತಲುಪಿದಾಗ ಚಂದನ ಕೇಳಿದಳು.

"ಸಾರ್, ಹಾಯಿ ಕಪ್ಪಗೆ ಯಾಕಿದೆ?"

"ಗ್ರೀಸಿನಲ್ಲಿ ಬಿಸಿಲು ಜಾಸ್ತಿಯಮ್ಮ. ಸುಟ್ಟು ಕಪ್ಪಾಗಿತ್ತು."

"ಬಿಳಿ ಹಾಯಿ ಕಟ್ಬೇಕಾಗಿತ್ತು ಅಲ್ವಾ ಸಾರ್ ಅವನು?"

ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೇಳಲೋ ಬೇಡವೋ ಎಂದು ಅಣ್ಣನ ಮುಖ ನೋಡುತ್ತಿದ್ದಳು. "ಏನಿಲ್ಲ ಬಿಡಿ ಸಾರ್, ಬಸ್ಸಲ್ಲಿ ಬರ್ತಾ ಸುಮ್ನೆ ಓದ್ದೆ," ಎಂದು ಮೊಬೈಲ್ ಬ್ಯಾಗಿಗೆ ಹಾಕಿಕೊಂಡಳು.

ಭಾರತಮ್ಮ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. "ನಾನು ಚುಚ್ಚಿರೋ ಕತೆ ಅದು. ಏನಿದೆಯೋ ಹೇಳಮ್ಮ," ಎಂದಳು.

ಚಂದನ ಹೇಳಿದಳು. ಹೋಗುವಾಗ ಹಡಗಿಗೆ ಕಪ್ಪು ಹಾಯಿ ಕಟ್ಟಿದ್ದರು. ನೀನು ಬದುಕಿ ಬಂದರೆ ಬಿಳಿ ಹಾಯಿ ಕಟ್ಟು, ದೂರದಿಂದಲೇ ನನಗೆ ತಿಳಿಯಲಿ, ಎಂದು ತಂದೆ ಹೇಳಿ ಕಳಿಸಿದ್ದ. ಮಗ ಗೆದ್ದ. ಗೆದ್ದ ಸಂಭ್ರಮದಲ್ಲಿ ಹಾಯಿ ಬದಲಿಸುವುದನ್ನು ಮರೆತ. ಬೆಟ್ಟದ ಮೇಲೆ ಕಾಯುತ್ತಿದ್ದ ತಂದೆಗೆ ಕಪ್ಪು ಕಂಡಿತು. ಮಗ ಸತ್ತನೆಂದುಕೊಂಡು ಅಲ್ಲಿಂದಲೇ ಸಮುದ್ರಕ್ಕೆ ಹಾರಿದ.

ಅಮರನಾಥ್ ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಬಿಚ್ಚಿ ಮಣಿಕಟ್ಟಿನವರೆಗೆ ಎಳೆದುಕೊಂಡ. ಗುಂಡಿ ಹಾಕಿಕೊಳ್ಳಲು ನೋಡಿದ. ಬೆರಳು ಕೇಳಲಿಲ್ಲ. ಆ ಗುಂಡಿಯನ್ನು ಅವನು ಹಾಕಿಕೊಳ್ಳಲಾಗದ್ದನ್ನು ನೋಡುತ್ತ ಕೂತೆನಲ್ಲ, ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಅಷ್ಟು ಉದ್ದವಾದ ನಿಮಿಷ ಇನ್ನೊಂದಿಲ್ಲ. ನಾನು ದೊಡ್ಡದು ಮಾಡಿ ಹೇಳುವ ಮನುಷ್ಯ. ಇದನ್ನು ದೊಡ್ಡದು ಮಾಡುವುದಕ್ಕೆ ನನಗೆ ಬರುವುದಿಲ್ಲ. ಅಪ್ಪನನ್ನು ಮರೆಯದವನು ಬೇಕು ಎಂದು ಕೇಳಿದ ಹುಡುಗನ ಕೈಗೆ, ಅಪ್ಪನನ್ನು ಮರೆತು ಕೊಂದವನನ್ನು ಹಾಕಿಸಿದ್ದೆ. ಹಾಯಿಗೆ ಕಪ್ಪು ತುಂಬಿಸಿದವನೂ ನಾನೇ.

"ಈಚೆ ಕೊಡು ಕೈ," ಎಂದಳು ಭಾರತಮ್ಮ. ಅವಳ ಮುಖ ಕಪ್ಪಿಟ್ಟಿತ್ತು. "ತಪ್ಪು ನಂದು. ಅಮ್ಮ ಯಾವತ್ತೂ ಇನ್ನೊಬ್ರ ಬಾಯಿಂದ ಕತೆ ಎರವಲು ತಂದು ಚುಚ್ದೋಳಲ್ಲ. ನಾನು ಎರವಲು ತಂದ್ಬಿಟ್ಟೆ."

"ಪೂರಾ ಕಪ್ಪು ಮಾಡ್ಬಿಡಿ ಅಕ್ಕ," ಎಂದ ಅಮರನಾಥ್. "ಮಣಿಕಟ್ಟಿಂದ ಮೊಣಕೈವರ್ಗೂ. ಏನಿತ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು."

"ತಂಡದೋರಿಗೆ?"

"ಬೆಂಕಿ ಬಿತ್ತು ಅಂತೀನಿ."

ಹಾಕಿದ ಕಪ್ಪನ್ನು ತೆಗೆಯಲು ಬರುವುದಿಲ್ಲ, ಮೇಲೆ ಇನ್ನಷ್ಟು ಕಪ್ಪು ಹಾಕಲು ಮಾತ್ರ ಬರುತ್ತದೆ. ಭಾರತಮ್ಮ ಗ್ಲೋವ್ಸ್ ಹಾಕಿಕೊಂಡಳು. ಹೊಸ ಸೂಜಿಯ ಪೊಟ್ಟಣ ಹರಿದಳು. ತಾನೇ ಹಾಕಿದ್ದರಲ್ಲಿ ಅತ್ಯಂತ ಚೆಂದದ್ದನ್ನು ತಾನೇ ಬಳಿದುಹಾಕಬೇಕು. ಮೆಷಿನ್ ಹೆಜ್ಜೇನಿನ ಹಾಗೆ ಗುಂಯ್ ಎಂದಿತು. ಕದಿರಪ್ಪ ಅಷ್ಟು ಹೊತ್ತೂ ನೆಲ ನೋಡುತ್ತಿದ್ದವನು ಕೋಲನ್ನು ಒಮ್ಮೆ ಕುಟ್ಟಿದ.

"ಇರಮ್ಮ," ಎಂದ. "ಚಂದನಾ, ಆ ಯಪ್ಪ ಹಾರಿದಾಗ ಹಡಗು ಎಷ್ಟು ದೂರ ಇತ್ತು?"

"ಕಾಣೋವಷ್ಟು ದೂರ ನಾಯ್ನ." ಅವರ ಮನೆಯಲ್ಲಿ ತಂದೆಯನ್ನು ನಾಯ್ನ ಎಂದು ಕರೆಯುತ್ತಾರೆ.

"ದಡಕ್ಕೆ ಬರೋಕೆ ಏನ್ ಒಂದ್ ಗಂಟೆ ಆಗ್ತಿತ್ತಾ?"

"ಆಗ್ತಿತ್ತೇನೋ."

"ಅಷ್ಟು ಹೊತ್ತು ಕೂತ್ಕೋಬಾರ್ದಾಗಿತ್ತಾ?" ಎಂದ ಕದಿರಪ್ಪ. ನಿಜವಾಗಿ ಅವನಿಗೆ ಬೇಸರವಾಗಿತ್ತು, ಪಕ್ಕದ ತೋಟದವನ ಅವಸರದ ವಿಷಯ ಮಾತಾಡಿದ ಹಾಗೆ. "ಮಗ ಅಂದ್ಮೇಲೆ ಮರೀತಾನೆ. ಅವನ್ ವಯಸ್ಸಲ್ಲಿ ನಾನು ಕಟ್ಟಿದ್ದ ಎತ್ತನ್ನೇ ಸಂತೇಲಿ ಮರೆತು ಬಂದಿದ್ದೆ. ಮರೆತ ಅಂತ ಅಪ್ಪ ಹಾರಿಬಿಡೋದಾ? ನಾನು ಹತ್ತರಿಂದ ಐದರವರ್ಗೂ ಕೂತಿರ್ಲಿಲ್ವಾ. ಬಂದ ಅಲ್ವಾ ಇವನು."

ಅಮರನಾಥ್ ತಲೆ ಎತ್ತಲಿಲ್ಲ.

"ಬೆಟ್ಟ ಖಾಲಿ ಇದೆಯಲ್ಲಮ್ಮ," ಎಂದ ಕದಿರಪ್ಪ, ಭಾರತಮ್ಮನ ಕಡೆ ತಿರುಗಿ. "ಅಲ್ಲಿ ನನ್ನ ಕೂರಿಸು. ಕಾಲು ಮುಂದಕ್ಕೆ ನೀಡ್ಕೊಂಡು. ಹಾಯಿ ಕಪ್ಪಗಿದ್ರೆ ಇರ್ಲಿ. ಕಪ್ಪಗಿದ್ರೂ ಕೂತಿದ್ದ ಅಂತ ಆಗುತ್ತೆ."

ಭಾರತಮ್ಮ ಮೆಷಿನ್ ಆರಿಸಿದಳು. ಗೋಡೆಯ ಗೂಡಿನ ಕಡೆ ಒಮ್ಮೆ ನೋಡಿದಳು. ತಾಯಿಯ ಮೂರು ಸೂಜಿ ಒಂದು ಡಬ್ಬಿಯಲ್ಲಿ ಅಲ್ಲಿವೆ, ಈಗ ಬಳಸುವುದಿಲ್ಲ. ಆಮೇಲೆ ಮೂರು ಹೊಸ ಸೂಜಿ ತೆಗೆದು, ಹಳೆಯ ರೀತಿಯಲ್ಲೇ ದಾರದಲ್ಲಿ ಬಿಗಿಯತೊಡಗಿದಳು.

"ಕತೆ ಹೇಳ್ಬೇಕು ಕದಿರಪ್ಪಣ್ಣ," ಎಂದಳು. "ಕತೆ ಆಗ್ದೆ ನಾನು ಸೂಜಿ ಇಡಲ್ಲ. ಈ ಸಲ ಮೇಷ್ಟ್ರು ಹೇಳೋದು ಬೇಡ. ಕೂತಿದ್ದೋರೇ ಹೇಳ್ಲಿ."

"ನಂದೇನ್ ಕತೆ ಇದೆಯಮ್ಮ. ಬಿದ್ದೆ, ಕೂತೆ."

"ಹತ್ತರಿಂದ ಐದರವರ್ಗೂ ಏನ್ ಮಾಡಿದ್ರಿ?"

ಕದಿರಪ್ಪ ಯೋಚಿಸಿದ. ಒಂದು ವರ್ಷದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ. "ನೆರಳಿನ್ ಹಿಂದೆ ಜರುಗ್ದೆ," ಎಂದ. "ಬಿಸಿಲು ಬಂದ್ ಕಡೆಯಿಂದ ನೆರಳು ಇದ್ ಕಡೆಗೆ, ಕೈ ಊರ್ಕೊಂಡು. ಸಂಜೆ ಹೊತ್ಗೆ ಮರಕ್ಕೆ ಅರ್ಧ ಪ್ರದಕ್ಷಿಣೆ ಆಗಿತ್ತು. ಒಂದು ಅಳಿಲು ಬಂದು ನಾನು ಕಿತ್ತಿದ್ ಕಾಯೆಲ್ಲ ಒಂದೊಂದ್ ಕಚ್ಚಿ ಕಚ್ಚಿ ಬಿಡ್ತು. ಅದನ್ನ ಬೈತಾ ಹೊತ್ತು ಹೋಯ್ತು. ರಸ್ತೇಲಿ ಗಾಡಿ ಸದ್ದಾದಾಗೆಲ್ಲ ಇವನೇ ಅನ್ಕೊಂಡೆ. ಒಂಬತ್ತು ಗಾಡಿ. ಹತ್ತನೇದು ಇವನು."

"ಫೋನು ಬ್ಯಾಗಲ್ಲಿತ್ತು ನಾಯ್ನ," ಎಂದ ಅಮರನಾಥ್. ಅಷ್ಟು ಹೇಳಲು ಅವನಿಗೆ ಒಂದು ವರ್ಷ ಬೇಕಾಗಿತ್ತು.

"ಗೊತ್ತು ಕಣೋ."

"ಸೈಲೆಂಟಲ್ಲಿತ್ತು."

"ಗೊತ್ತು ಅಂದ್ನಲ್ಲ." ಕದಿರಪ್ಪ ಮಗನ ಕಡೆ ತಿರುಗಿ ಕೇಳಿದ. "ಅವತ್ತು ಗೆದ್ರಾ?"

"ಇಲ್ಲ. ಸೋತ್ವಿ."

"ಥೂ ನಿನ್ನ. ಗೆದ್ದಾದ್ರೂ ಬರ್ಬಾರ್ದಿತ್ತಾ. ಕಾಲು ಮುರ್ಕೊಂಡಿದ್ದಕ್ಕೆ ಒಂದ್ ಕಪ್ ಆದ್ರೂ ಮನೇಲಿ ಇರ್ತಿತ್ತು."

ಅದು ಒಂದು ವರ್ಷದಿಂದ ಅಮರನಾಥ್ ಕಾಯುತ್ತಿದ್ದ ಬೈಗುಳ. ಅವನು ನಕ್ಕ ಹಾಗೆ ಮಾಡಿದ, ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ, ಆಮೇಲೆ ಅದೇ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ ಕೈ ಚಾಚಿದ. ಭಾರತಮ್ಮ "ಕತೆ ಕೇಳಿಸ್ಕೊಂಡ್ಯಾ?" ಎಂದಳು. ಅವನು "ಹೂಂ" ಎಂದ.

ಅವಳು ಮೆಷಿನ್ ಮುಟ್ಟದೆ ಕೈಸೂಜಿಯಲ್ಲೇ ಹಾಕಿದಳು. ಹೆಬ್ಬೆರಳ ಉಗುರಿನಷ್ಟು ದೊಡ್ಡ ಮನುಷ್ಯ. ತಲೆಗೆ ಟವಲು ಸುತ್ತಿದ್ದಾನೆ, ಬಂಡೆಗೆ ಒರಗಿದ್ದಾನೆ, ಒಂದು ಕಾಲು ಮಡಚಿದೆ, ಇನ್ನೊಂದು ನೀಡಿದೆ. ಪಕ್ಕದಲ್ಲೊಂದು ಚುಕ್ಕೆ ಇಟ್ಟಳು. ಏನದು ಎಂದು ಚಂದನ ಕೇಳಿದಾಗ, "ಅಳಿಲು. ಜಾಗ ಇಲ್ಲ, ಅಷ್ಟೇ ಬರೋದು," ಎಂದಳು. ಕದಿರಪ್ಪ ಬಗ್ಗಿ ನೋಡಿ, ಮೀಸೆ ಇಲ್ಲವಲ್ಲ ಎಂದು ತಕರಾರು ಮಾಡಿದ. ಇನ್ನೆರಡು ಚುಚ್ಚಿ ಮೀಸೆ ಕೂರಿಸಿದಳು.

ಇಷ್ಟು ಹೊತ್ತೂ ನಾನು ಮೂಲೆಯ ಕುರ್ಚಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ತಿಳಿಯಿತು. ಹೊರಡುವಾಗ ಕದಿರಪ್ಪ ಅವರೆಕಾಯಿಯ ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು, "ಚೆನ್ನಾಗ್ ಹೇಳ್ತೀರಿ ಮೇಷ್ಟ್ರಾ. ಹದ್ದು ಗೂಡು ಕಟ್ಟಿದ್ದು ಬಲೇ ಚೆನ್ನಾಗಿತ್ತು," ಎಂದ. ಅವನು ನನ್ನನ್ನು ಬೈದು, ಚೀಲ ವಾಪಸ್ಸು ಒಯ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಗ ಒಂದು ವರ್ಷ ಹೇಗೆ ಕಳೆದಿರಬೇಕು ಎಂಬುದು ಆ ಅವರೆಕಾಯಿ ನೋಡಿದಾಗ ನನಗೆ ತಿಳಿಯಿತು. ಚಂದನ ನನಗೆ ನಮಸ್ಕಾರ ಮಾಡಿದಳು. ಪ್ರತಿನಮಸ್ಕಾರಕ್ಕೆ ಕೈ ಏಳಲಿಲ್ಲ.

ಅವರು ಬಸ್ ಸ್ಟ್ಯಾಂಡಿನ ಕಡೆ ನಡೆದರು. ತಂದೆ ಕೋಲನ್ನು ಮಗಳ ಕೈಗೆ ಕೊಟ್ಟು ಮಗನ ಭುಜ ಹಿಡಿದಿದ್ದ. ಭಾರತಮ್ಮ ಬಳಸಿದ ಸೂಜಿಗಳನ್ನು ಕಸದ ಡಬ್ಬಕ್ಕೆ ಹಾಕಿ, ಕೈ ತೊಳೆದು, ಸ್ಟೂಲು ಒರೆಸಿದಳು. ನಾನು ಏನಾದರೂ ಅನ್ನಬೇಕಾಗಿತ್ತು. ತಪ್ಪಾಯಿತು ಎನ್ನುವುದು ಸರಿಯಾದ ಮಾತು. ಆದರೆ ಇಷ್ಟು ವರ್ಷದ ಬಾಯಿ, ಅದಕ್ಕೆ ಅದರದೇ ದಾರಿ.

"ಅಲ್ಲ ಭಾರತಮ್ಮ," ಎಂದೆ, "ನಾಳೆ ಗ್ರೀಸಿನವರು ಬಂದು ಕೇಳಿದರೆ ಏನು ಹೇಳ್ತೀಯ? ಅವರ ಕತೆಯಲ್ಲಿ ಅಪ್ಪ ಕೂತೇ ಇಲ್ಲ. ಟವಲು ಇಲ್ಲ, ಅಳಿಲು ಇಲ್ಲ. ನನ್ನ ಹತ್ತಿರ ಪಾಠ ಕೇಳಿದವಳು ಹೀಗೆ ತಿದ್ದಬಹುದಾ?"

ಅವಳು ಒದ್ದೆ ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು.

"ಏಳನೇ ಕ್ಲಾಸಲ್ಲಿ ಗ್ರೀಸ್ ಪಾಠ ಬಂದಾಗ, ಇದು ಪರೀಕ್ಷೆಗೆ ಬರಲ್ಲ, ಎರಡು ಹಾಳೆ ಮಗುಚಿ ಅಂದೋರು ನೀವೇ ಅಲ್ವಾ ಮೇಷ್ಟ್ರೇ," ಎಂದಳು. "ನನ್ನ ಪರೀಕ್ಷೆಗೆ ಬಂತು ನೋಡಿ."